ಸೈಕಲ್ಲಿಗೆ ಪ್ರವೇಶವಿಲ್ಲ

(ಗೂಡಲೂರು ಕಡೆಯ ತೋಟ ಕಾರ್ಮಿಕ ಕುಟುಂಬಗಳ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಮಾತಿನ ವಿಷಯ ಸೈಕಲ್ಲು ಎಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿದ್ದು ನಮಗೆ ಕಾಣಿಸಿತು. ನಗುವುದರಲ್ಲಿ ತಪ್ಪಿಲ್ಲ. ನಮ್ಮ ಈ ಗುಡ್ಡದ ದಾರಿಯಲ್ಲಿ ಸೈಕಲ್ಲು ನಮ್ಮನ್ನು ಹೊರುವುದಕ್ಕಿಂತ ನಾವು ಸೈಕಲ್ಲನ್ನು ಹೊರುವುದೇ ಹೆಚ್ಚು. ಲೈನಿನಿಂದ ಫ್ಯಾಕ್ಟರಿಗೆ ಇಳಿಯುವಾಗ ಬ್ರೇಕು ಹಿಡಿಯುವುದಿಲ್ಲ, ಹತ್ತುವಾಗ ಉಸಿರು ಹಿಡಿಯುವುದಿಲ್ಲ. ಹೀಗಿರುವಾಗ ಬೋನಸ್ಸಿನ ಮಾತು, ಪಿ.ಎಫ್. ಮಾತು, ಮನೆ ರಿಪೇರಿಯ ಮಾತು ಬಿಟ್ಟು ಸೈಕಲ್ಲಿನ ಮಾತೇಕೆ ಎಂದು ನೀವು ಕೇಳಬಹುದು.

ಆದರೆ ನಮ್ಮ ಮಕ್ಕಳು ಈಗ ಗುಡ್ಡದ ಮೇಲೆ ಮಾತ್ರ ಇಲ್ಲ. ಯಾವ ಲೈನಿನ ಬಾಗಿಲು ತಟ್ಟಿದರೂ ಒಬ್ಬ ಮಗ ತಿರುಪ್ಪೂರಿನಲ್ಲಿ, ಒಬ್ಬಳು ಮಗಳು ಹೊಸೂರಿನಲ್ಲಿ, ಇನ್ನೊಬ್ಬ ಮೈಸೂರಿನಲ್ಲಿ ಎನ್ನುತ್ತಾರೆ. ತಮಿಳುನಾಡು ಸರಕಾರ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಕೊಡುವ ಉಚಿತ ಸೈಕಲ್ಲು ನಮ್ಮ ಮಕ್ಕಳಿಗೂ ಸಿಕ್ಕಿದೆ. 2001ರಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹೆಣ್ಣುಮಕ್ಕಳಿಗೆಂದು ಶುರುವಾದ ಯೋಜನೆ ಅದು. ಆಮೇಲೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಲ್ಲ ಮಕ್ಕಳಿಗೂ ಬಂತು. ಇಲ್ಲಿ ಗೋಡೆಗೆ ಒರಗಿಸಿಟ್ಟ ಆ ಸೈಕಲ್ಲು, ಮಗು ಕೆಲಸಕ್ಕೆಂದು ಬಯಲು ಸೀಮೆಗೆ ಇಳಿದಾಗ ಬಸ್ಸಿನ ಮೇಲೇರಿ ಅದರ ಜೊತೆಗೇ ಹೋಗುತ್ತದೆ. ಅಲ್ಲಿ ಅದಕ್ಕೆ ನಿಜವಾದ ಬೆಲೆ ಬರುತ್ತದೆ. ಅಲ್ಲಿಯೇ ಅದಕ್ಕೆ ಗೇಟೂ ಎದುರಾಗುತ್ತದೆ.

ನಮ್ಮ ಲೈನಿನ ಒಬ್ಬ ಹುಡುಗಿಯ ಸಂಗತಿಯನ್ನು ಮೊದಲು ಹೇಳುತ್ತೇವೆ. ಹೆಸರು ಬೇಡ. ಅವಳ ತಾಯಿ ಇಲ್ಲಿಯೇ ಕುಳಿತಿದ್ದಾರೆ, ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ. ಹುಡುಗಿ ಪ್ಲಸ್ ಟೂ ಮುಗಿಸಿ ಹೊಸೂರಿನ ಒಂದು ಹೊಲಿಗೆ ಕಾರ್ಖಾನೆಗೆ ಸೇರಿದಳು. ಇರುವ ಕೋಣೆಗೂ ಕೆಲಸದ ಜಾಗಕ್ಕೂ ಮೂರು ಮೈಲಿ. ಕಾರ್ಖಾನೆಯ ಬಸ್ಸಿಲ್ಲ. ಸರಕಾರ ಕೊಟ್ಟ ಸೈಕಲ್ಲಿನಲ್ಲಿಯೇ ಹೋಗಿ ಬರುತ್ತಿದ್ದಳು. ಕ್ರಿಸ್ಮಸ್ಸಿಗೆ ಎರಡು ವಾರವಿರುವಾಗ ಒಂದು ಭಾನುವಾರ, ಮಂಜಿನಲ್ಲಿ ಎಲೆ ಕೀಳುವ ತಾಯಿಗೆ ಒಂದು ಸ್ವೆಟರ್ ಕೊಳ್ಳೋಣವೆಂದು ಅಲ್ಲಿನ ಒಂದು ದೊಡ್ಡ ಶಾಪಿಂಗ್ ಸೆಂಟರಿಗೆ ಹೋದಳು.

ಗೇಟಿನಲ್ಲಿ ಒಂದು ಬೋರ್ಡು. ಅದರಲ್ಲಿ ನಾಯಿ ತರಬಾರದು, ಹೊರಗಿನ ತಿಂಡಿ ತರಬಾರದು, ಸೈಕಲ್ಲು ತರಬಾರದು ಎಂದಿತ್ತು. ಕಾವಲುಗಾರರು ಕೈ ಅಡ್ಡ ಹಿಡಿದರು.

"ಅಣ್ಣಾ, ಒಳಗಡೆ ಅಂಗಡಿಗೆ ತರೋದಿಲ್ಲ. ಬೈಕು ನಿಲ್ಲಿಸೋ ಕಡೆ ಒಂದು ಮೂಲೇಲಿ ನಿಲ್ಲಿಸ್ತೀನಿ" ಎಂದಳು.

"ಇಲ್ಲ ತಂಗೀ, ಆಗೋದಿಲ್ಲ. ಚೀಟಿ ಪುಸ್ತಕದಲ್ಲಿ ಸೈಕಲ್ಲಿಗೆ ಚೀಟಿಯೇ ಇಲ್ಲ. ಚೀಟಿ ಇಲ್ಲದೆ ಒಳಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ" ಎಂದರು ಅವರು.

ಅವಳು ಹೊರಗೆ ಚರಂಡಿಯ ಪಕ್ಕದ ಕಂಬಕ್ಕೆ ಸೈಕಲ್ಲು ಒರಗಿಸಿ, ಬೀಗ ಹಾಕಿ ಒಳಗೆ ಹೋದಳು. ಅರ್ಧ ಗಂಟೆ ಆಗಿರಬಹುದು. ಸ್ವೆಟರಿನ ಚೀಲ ಹಿಡಿದು ಬಂದಾಗ ಕಂಬ ಇತ್ತು, ಸೈಕಲ್ಲು ಇರಲಿಲ್ಲ. ಆಮೇಲೆ ಎರಡು ತಿಂಗಳು ಅವಳು ಬೆಳಗಿನ ಕತ್ತಲಲ್ಲಿ ಮೂರು ಮೈಲಿ ನಡೆದು ಕೆಲಸಕ್ಕೆ ಹೋದಳು. ತಡವಾದ ದಿನ ಅರ್ಧ ದಿನದ ಕೂಲಿ ಹಿಡಿದರು. ಮನೆಗೆ ಫೋನು ಮಾಡಿದಾಗ ಏನೂ ಹೇಳಲಿಲ್ಲ. ಊರಿಗೆ ಬಂದಾಗ ಅವಳ ಹಿಮ್ಮಡಿಯ ಗಾಯ ನೋಡಿ ತಾಯಿಗೆ ತಿಳಿಯಿತು.

ಇದು ಸಣ್ಣ ವಿಷಯವೇ? ಎಲೆ ತೂಕದಲ್ಲಿ ಅರ್ಧ ಕಿಲೋ ಕಳೆದರೆ ನಾವು ಸುಮ್ಮನಿರುತ್ತೇವೆಯೇ?

ಈಗ ನಮ್ಮ ತಪ್ಪನ್ನು ಹೇಳಬೇಕು. ಈ ಕೂಟದಲ್ಲಿ ಕಂಪೆನಿಯ ತಪ್ಪು, ರೈಟರ ತಪ್ಪು, ಮೇಸ್ತ್ರಿಯ ತಪ್ಪು ನಾವು ಬಹಳ ಹೇಳಿದ್ದೇವೆ. ಇಂದು ನಮ್ಮದನ್ನು ಕೇಳಿರಿ. ಸಂಗತಿ ತಿಳಿದ ಕೂಡಲೇ ನಮಗೆ ಸಿಟ್ಟು ಬಂತು. ಅದೇ ರಾತ್ರಿ ಕುಳಿತು ಆ ಶಾಪಿಂಗ್ ಸೆಂಟರಿನ ಮ್ಯಾನೇಜರಿಗೆ ಒಂದು ಕಾಗದ ಬರೆದೆವು. "ನಿಮ್ಮ ಗೇಟಿನ ಕಾವಲುಗಾರನು ಬಡ ಹೆಣ್ಣುಮಗಳನ್ನು ಅವಮಾನಪಡಿಸಿದ್ದಾನೆ, ಅವನ ಮೇಲೆ ಕ್ರಮ ಕೈಗೊಳ್ಳತಕ್ಕದ್ದು" ಎಂದು ಬರೆದು, ತಾರೀಕು, ಹೊತ್ತು ಎಲ್ಲ ನಮೂದಿಸಿ, ಸಂಘದ ಮೊಹರನ್ನೂ ಒತ್ತಿದೆವು. ಕಾಗದ ಬಹಳ ಚೆನ್ನಾಗಿ ಬಂತೆಂದು ಹೆಮ್ಮೆಪಟ್ಟುಕೊಂಡೆವು.

ಕ್ರಮ ಬೇಗನೆ ಆಯಿತು. ಕಾವಲುಗಾರರು ಶಾಪಿಂಗ್ ಸೆಂಟರಿನ ಕೆಲಸಗಾರರಲ್ಲ, ಒಂದು ಏಜೆನ್ಸಿಯ ಗುತ್ತಿಗೆ ಆಳು. ಮ್ಯಾನೇಜರು ಏಜೆನ್ಸಿಗೆ ಒಂದು ಮಾತು ಹೇಳಿದರು. ಏಜೆನ್ಸಿಯವರು ಮಾರನೆಯ ದಿನವೇ ಅವರನ್ನು ಆ ಗೇಟಿನಿಂದ ತೆಗೆದರು. ಹದಿನೈದು ದಿನ ಕೆಲಸವಿಲ್ಲ. ಬೋರ್ಡು ಮಾತ್ರ ಇದ್ದಲ್ಲಿಯೇ ಇತ್ತು.

ಆಮೇಲೆ ನಮಗೆ ತಿಳಿದು ಬಂದದ್ದೇನು? ಆ ಕಾವಲುಗಾರರು ಪಂದಲೂರು ಕಡೆಯವರು. ಅವರ ತಂದೆ ತೋಟದಲ್ಲಿ ಔಷಧಿ ಹೊಡೆಯುವ ಕೆಲಸದಲ್ಲಿದ್ದವರು. ತೋಟದಲ್ಲಿ ಕೆಲಸ ಸಿಗದೆ ಮಗ ಹೊಸೂರಿಗೆ ಹೋಗಿ ಹನ್ನೆರಡು ಗಂಟೆ ನಿಲ್ಲುವ ಕೆಲಸ ಹಿಡಿದಿದ್ದರು. ಅಂದರೆ, ಸಹೋದರರೇ, ಗೇಟಿನ ಹೊರಗೆ ನಿಂತವಳೂ ನಮ್ಮ ಲೈನಿನ ಮಗಳು, ಗೇಟಿನಲ್ಲಿ ಕೈ ಅಡ್ಡ ಹಿಡಿದವರೂ ನಮ್ಮ ಲೈನಿನ ಮಗ. ನಿಯಮ ಬರೆದವರು ಯಾರು? ಅವರು ಇಬ್ಬರಿಗೂ ಕಾಣಿಸಲಿಲ್ಲ. ನಮ್ಮ ಸಿಟ್ಟು ಕಾಣಿಸಿದವರ ಮೇಲೆ ಬಿತ್ತು.

ಹಿಂದೆ ತೋಟದಲ್ಲಿ ದೊರೆ ಹೇಳಿದ್ದನ್ನು ಕಂಗಾಣಿ ಮಾಡಿಸುತ್ತಿದ್ದ, ಬೈಗುಳ ಕಂಗಾಣಿಗೆ ಬೀಳುತ್ತಿತ್ತು, ಬಂಗಲೆಗೆ ಕೇಳಿಸುತ್ತಿರಲಿಲ್ಲ. ಇಷ್ಟು ವರುಷ ಸಂಘದಲ್ಲಿದ್ದೂ ನಾವು ಆ ಪಾಠವನ್ನು ಮರೆತೆವು. ನಾವು ಆ ತಮ್ಮನ ಕೋಣೆಗೆ ಹೋಗಿ ಕ್ಷಮೆ ಕೇಳಿದೆವು. ಅವರ ಹೆಂಡತಿ ಚಹ ಕೊಟ್ಟರು. ಆ ಚಹ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು.

ಅಂದಿನಿಂದ ನಾವು ಒಂದು ತೀರ್ಮಾನಕ್ಕೆ ಬಂದೆವು. ನಿಯಮದ ವಿರುದ್ಧ ಬಾಯಿ ತೆರೆಯುವ ಮುಂಚೆ ನಿಯಮವನ್ನು ಓದಬೇಕು. ಅದು ಎಲ್ಲಿಂದ ಬಂತು, ಅದರಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು, ಅದನ್ನು ಬದಲಾಯಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ತಿಳಿಯಬೇಕು. ಹೀಗೆ ಓದಿ, ತಿಳಿದವರನ್ನು ಕೇಳಿ ನಾವು ಕಂಡುಕೊಂಡದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇವೆ.

ಸೈಕಲ್ಲಿನ ಮೇಲೆ ನಿಯಮಗಳು ಸೈಕಲ್ಲಿನಷ್ಟೇ ಹಳೆಯವು. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬವರು 1817ರಲ್ಲಿ ಎರಡು ಚಕ್ರದ ಮರದ ಗಾಡಿಯನ್ನು ಮಾಡಿದರು. ಅದಕ್ಕೆ ಪೆಡಲು ಇರಲಿಲ್ಲ, ಕಾಲಿನಿಂದ ನೆಲವನ್ನು ಒದ್ದು ಓಡಿಸಬೇಕಿತ್ತು. ಎರಡೇ ವರುಷದಲ್ಲಿ, 1819ರಲ್ಲಿ, ನ್ಯೂಯಾರ್ಕ್ ನಗರದವರು ಅದನ್ನು ಕಾಲುದಾರಿಯ ಮೇಲೆ ಓಡಿಸಬಾರದೆಂದು ನಿಷೇಧಿಸಿದರು. ಲಂಡನ್ನಿನಲ್ಲಿಯೂ ಹಾಗೆ ಓಡಿಸಿದವರಿಗೆ ದಂಡ ಬಿತ್ತು. ಅಲ್ಲಿ ನ್ಯಾಯವಿತ್ತು. ನಡೆಯುವವರ ಮೈಮೇಲೆ ಗಾಡಿ ಹರಿಯಬಾರದಲ್ಲ! ಆದರೆ ಕಾಲುದಾರಿ ಬಿಟ್ಟು ಬೀದಿಗೆ ಬಂದರೆ ಅಲ್ಲಿ ಕುದುರೆ ಸಾರೋಟಿನವರು ಜಾಗ ಕೊಡಲಿಲ್ಲ. ಹಾಗಾದರೆ ಸೈಕಲ್ಲಿನ ಜಾಗ ಯಾವುದು? ಇಂಗ್ಲೆಂಡಿನಲ್ಲಿ 1888ರ ಒಂದು ಕಾಯಿದೆ ಸೈಕಲ್ಲೂ ಒಂದು ಗಾಡಿಯೇ ಎಂದು ಹೇಳಿತು. ದೀಪ ಹಚ್ಚು, ಗಂಟೆ ಬಾರಿಸು, ಬೀದಿಯಲ್ಲಿ ಹೋಗು ಎಂದಿತು. ಒಂದು ಕೈಯಿಂದ ಕಟ್ಟಳೆ, ಇನ್ನೊಂದು ಕೈಯಿಂದ ಹಕ್ಕು. ಒಳ್ಳೆಯ ನಿಯಮವೆಂದರೆ ಅದು. ಎಲ್ಲಿ ಕೂಡದು ಎಂದು ಹೇಳುವಾಗಲೇ ಎಲ್ಲಿ ಕೂಡುತ್ತದೆ ಎಂದೂ ಹೇಳಬೇಕು.

ಆ ಕಾಲದಲ್ಲಿ ಸೈಕಲ್ಲು ಕೂಲಿಗಾರರ ಕೈಗೂ ಬಂತು. 1894ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕ್ಲಾರಿಯನ್ ಎಂಬ ಸೈಕಲ್ ಕ್ಲಬ್ಬು ಹುಟ್ಟಿತು. ಅದರ ಸದಸ್ಯರು ಭಾನುವಾರಗಳಲ್ಲಿ ಹಳ್ಳಿಹಳ್ಳಿಗೆ ಸೈಕಲ್ಲು ತುಳಿದು ಸಮಾಜವಾದದ ಕರಪತ್ರ ಹಂಚುತ್ತಿದ್ದರು. 1896ರಲ್ಲಿ ಜರ್ಮನಿಯ ಕಾರ್ಮಿಕರು ಸಾಲಿಡಾರಿಟಿ, ಅಂದರೆ ಒಗ್ಗಟ್ಟು, ಎಂಬ ಹೆಸರಿನಲ್ಲಿಯೇ ಸೈಕಲ್ ಸವಾರರ ಸಂಘ ಕಟ್ಟಿದರು. 1933ರಲ್ಲಿ ಹಿಟ್ಲರನ ಆಡಳಿತ ಬಂದಾಗ ಅದನ್ನು ಮುಚ್ಚಿಸಿತು. ಸೈಕಲ್ಲಿಗೂ ಸಂಘಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ.

ನಮ್ಮ ದೇಶಕ್ಕೆ ಬನ್ನಿರಿ. ಇಲ್ಲಿರುವ ಹಿರಿಯರಿಗೆ ಹಿತ್ತಾಳೆಯ ಬಿಲ್ಲೆ ನೆನಪಿರಬಹುದು. ವರುಷಕ್ಕೊಮ್ಮೆ ಮುನಿಸಿಪಾಲಿಟಿಗೋ ಪಂಚಾಯಿತಿಗೋ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ ಪೋಲೀಸರು ಹಿಡಿಯುತ್ತಿದ್ದರು. ಇಬ್ಬರು ಕೂತರೆ ಡಬ್ಬಲ್ಸ್ ಎಂದು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸಿನೆಮಾಕ್ಕೆ ಹೊರಟವನು ಠಾಣೆಯ ಮುಂದೆ ಇಳಿದು, ತಳ್ಳಿಕೊಂಡು ದಾಟಿ, ಮತ್ತೆ ಹತ್ತುತ್ತಿದ್ದ ಕತೆ ಪ್ರತಿ ಊರಿನಲ್ಲಿಯೂ ಇದೆ. ಆ ಕಟ್ಟಳೆಗಳು ಕಾಲಕ್ರಮದಲ್ಲಿ ಹೋದವು. ಆದರೆ ಆಗ ಬಿಲ್ಲೆ ಕೊಟ್ಟವರು ಸೈಕಲ್ಲನ್ನು ಗಾಡಿಯೆಂದು ಒಪ್ಪಿಕೊಂಡಿದ್ದರು. ಸಿನೆಮಾ ಟಾಕೀಸಿನಲ್ಲಿ, ಸಂತೆಯಲ್ಲಿ, ರೈಲು ನಿಲ್ದಾಣದಲ್ಲಿ ಸೈಕಲ್ ಸ್ಟ್ಯಾಂಡು ಇತ್ತು. ಕೆಲವು ಪೈಸೆ ಕೊಟ್ಟು ಚೀಟಿ ಪಡೆದರೆ ಸೈಕಲ್ಲಿಗೆ ಒಬ್ಬ ಯಜಮಾನನಿರುತ್ತಿದ್ದ. ಈಗಿನ ದೊಡ್ಡ ಕಟ್ಟಡಗಳಲ್ಲಿ ಆ ಚೀಟಿಯೇ ಇಲ್ಲವಾಗಿದೆ.

ಕಲ್ಕತ್ತೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ನಡೆಯಿತು. 2008ರಿಂದ ಅಲ್ಲಿನ ಪೋಲೀಸರು ಮುಖ್ಯ ರಸ್ತೆಗಳಲ್ಲಿ ಸೈಕಲ್ಲು ತುಳಿಯಬಾರದೆಂದು ತಡೆಯತೊಡಗಿದರು. 2013ರ ಹೊತ್ತಿಗೆ ನಿಷೇಧ 174 ರಸ್ತೆಗಳಿಗೆ ಹಬ್ಬಿತು. ಬಸ್ಸು, ಕಾರು ವೇಗವಾಗಿ ಹೋಗಬೇಕೆಂಬುದು ಅವರ ಕಾರಣ. ಹಾಲಿನವರು, ಪತ್ರಿಕೆ ಹಾಕುವವರು, ಮೀನು ಮಾರುವವರು, ಮನೆಗೆಲಸದವರು ಏನು ಮಾಡಬೇಕು? ಅವರು ಬೀದಿಗಿಳಿದು ಪ್ರತಿಭಟಿಸಿದರು. ಪಟ್ಟಿ ಬಳಿಕ ಕಿರಿದಾಯಿತು. 2020ರಲ್ಲಿ ಕೊರೋನಾ ಬಂದು ಬಸ್ಸು ರೈಲು ನಿಂತಾಗ ಅದೇ ಪೋಲೀಸರು ಹಲವು ರಸ್ತೆಗಳಲ್ಲಿ ಸೈಕಲ್ಲಿಗೆ ಅನುಮತಿ ಕೊಟ್ಟರು. ಬೇಡವೆಂದ ಗಾಡಿಯೇ ಕಷ್ಟದಲ್ಲಿ ಕೈಹಿಡಿಯಿತು.

ಈಗ ಬೋರ್ಡಿಗೆ ಬರೋಣ. "ಸೈಕಲ್ಲು ತರಬಾರದು" ಎಂಬ ಎರಡು ಮಾತಿನೊಳಗೆ ಮೂರು ಬೇರೆ ಬೇರೆ ನಿಯಮಗಳಿವೆ. ಅವುಗಳನ್ನು ಕಡ್ಡಿ ಬೇರೆ, ಎಲೆ ಬೇರೆ ಮಾಡಿದ ಹಾಗೆ ಬೇರೆ ಮಾಡಬೇಕು.

ಮೊದಲನೆಯದು, ಅಂಗಡಿಗಳ ನಡುವಿನ ಓಣಿಯಲ್ಲಿ ಸೈಕಲ್ಲು ತುಳಿಯಬಾರದು. ಇದು ಸರಿ. ಅಲ್ಲಿ ಮಕ್ಕಳು ಓಡಾಡುತ್ತಾರೆ, ಮುದುಕರು ಕೋಲೂರಿ ಬರುತ್ತಾರೆ, ನೆಲ ನುಣುಪಾಗಿರುತ್ತದೆ. ನಮ್ಮ ಹುಡುಗರು ಯಾರಾದರೂ ಹಾಗೆ ತುಳಿದರೆ ನಾವೇ ಕಿವಿ ಹಿಂಡಬೇಕು.

ಎರಡನೆಯದು, ಕಟ್ಟಡದ ಒಳಗೆ ಸೈಕಲ್ಲನ್ನು ತಳ್ಳಿಕೊಂಡೂ ಬರಬಾರದು. ಇದೂ ಬಹಳಮಟ್ಟಿಗೆ ಸರಿ. ಕೆಸರಿನ ಚಕ್ರ, ಚಾಚಿಕೊಂಡ ಹ್ಯಾಂಡಲು, ಓಡುವ ಮೆಟ್ಟಲು ಇವು ಒಂದಕ್ಕೊಂದು ಹೊಂದುವುದಿಲ್ಲ. ಬೆಂಕಿ ಬಿದ್ದರೆ ಜನ ಓಡುವ ದಾರಿಯಲ್ಲಿ ಸೈಕಲ್ಲು ಅಡ್ಡ ನಿಂತಿರಬಾರದು. ಆದರೆ ತುಳಿಯುವುದೂ ತಳ್ಳುವುದೂ ಒಂದೇ ಅಲ್ಲ ಎಂಬುದನ್ನು ನೆನಪಿಡಬೇಕು. 1980ರಲ್ಲಿ ಇಂಗ್ಲೆಂಡಿನ ಒಂದು ಮೊಕದ್ದಮೆಯಲ್ಲಿ, ಪಾದಚಾರಿಗಳ ಪಟ್ಟೆ ದಾಟುವಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸಿಗೆ ಕಾರು ತಗುಲಿತ್ತು. ಆಕೆ ಪಾದಚಾರಿಯೇ ಅಲ್ಲವೇ ಎಂಬ ಪ್ರಶ್ನೆ ಬಂತು. ಸೈಕಲ್ಲು ತಳ್ಳಿಕೊಂಡು ನಡೆಯುವವಳು ನಡೆಯುವವಳೇ ಎಂದು ನ್ಯಾಯಾಲಯ ಹೇಳಿತು. ಅದು ನಮ್ಮ ದೇಶದ ತೀರ್ಪಲ್ಲ. ಆದರೂ ಮಾತಿನಲ್ಲಿರುವ ವಿವೇಕ ಎಲ್ಲರಿಗೂ ಸಲ್ಲುತ್ತದೆ. ಗೇಟಿನಿಂದ ಸ್ಟ್ಯಾಂಡಿನ ತನಕ ತಳ್ಳಿಕೊಂಡು ಬರುವವರಿಂದ ಯಾರಿಗೆ ಅಪಾಯ?

ಮೂರನೆಯದು, ಕಾಂಪೌಂಡಿನೊಳಗೆ ಸೈಕಲ್ಲಿಗೆ ಜಾಗವೇ ಇಲ್ಲ. ಇದೇ ತಪ್ಪು. ಕಾರಿಗೆ ಜಾಗ, ಬೈಕಿಗೆ ಜಾಗ, ಸೈಕಲ್ಲಿಗೆ ಚರಂಡಿ. ಮೊದಲ ಎರಡು ನಿಯಮಗಳ ನೆರಳಿನಲ್ಲಿ ಮೂರನೆಯದು ಬಚ್ಚಿಟ್ಟುಕೊಂಡು ಬರುತ್ತದೆ. "ಸುರಕ್ಷತೆಗಾಗಿ" ಎನ್ನುತ್ತಾರೆ. ಕಾರು ನಿಲ್ಲುವಲ್ಲಿ ಸೈಕಲ್ಲು ನಿಂತರೆ ಯಾರ ಸುರಕ್ಷತೆ ಕೆಡುತ್ತದೆ?

ನಿಜವಾದ ಕಾರಣ ಬೇರೆ. ವಾಹನ ನಿಲ್ಲಿಸುವ ಜಾಗವನ್ನು ಮಾಲಿಕರು ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆದಾರ ಇಂತಿಷ್ಟು ಎಂದು ಕಟ್ಟಿ ಚೀಟಿಯ ಹಣದಿಂದ ಅದನ್ನು ಎತ್ತಬೇಕು. ಸೈಕಲ್ಲಿನಿಂದ ಏನು ಹುಟ್ಟುತ್ತದೆ? ಆದಕಾರಣ ಪುಸ್ತಕದಲ್ಲಿ ಸೈಕಲ್ಲಿನ ಕಾಲಮ್ಮೇ ಇಲ್ಲ. ಕಾಲಮ್ಮಿಲ್ಲದ ಮೇಲೆ ಕಾವಲುಗಾರ ಚೀಟಿ ಕೊಡಲಾರ. ಚೀಟಿ ಕೊಡದೆ ಒಳಗೆ ಬಿಟ್ಟು ಕಳುವಾದರೆ ಅವನ ಸಂಬಳದಿಂದ ಹಿಡಿಯುತ್ತಾರೆ. ಚೆಕ್‌ರೋಲಿನಲ್ಲಿ ಹೆಸರಿಲ್ಲದವರಿಗೆ ಕೂಲಿ ಇಲ್ಲ ಎಂಬುದು ನಮಗೆ ಗೊತ್ತಿದ್ದ ವಿಷಯವೇ.

ಕಾನೂನು ಏನನ್ನುತ್ತದೆ? 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ, ಧರ್ಮ, ಕುಲ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾವ ನಾಗರಿಕನನ್ನೂ ಅಂಗಡಿ, ಹೋಟೆಲು ಮುಂತಾದ ಕಡೆ ತಡೆಯಕೂಡದೆಂದು ಹೇಳುತ್ತದೆ. ಅಂಗಡಿ ಎಂಬ ಮಾತೇ ಅದರಲ್ಲಿದೆ. ಅದನ್ನು ಬರೆದವರಿಗೆ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ಕೈಚಾಚುತ್ತಿದ್ದವರ ನೋವು ಗೊತ್ತಿತ್ತು. ಆದರೆ ಆ ಪಟ್ಟಿಯಲ್ಲಿ ಸೈಕಲ್ಲು ಇಲ್ಲ. ಸೈಕಲ್ಲನ್ನು ತಡೆದರೆ ಸಂವಿಧಾನ ಮುರಿದರು ಎಂದು ನಾವು ಹೇಳಲಾಗದು. ಖಾಸಗಿ ಜಾಗದ ಯಜಮಾನನಿಗೆ ತನ್ನ ಜಾಗದಲ್ಲಿ ಕಟ್ಟಳೆ ಮಾಡುವ ಅಧಿಕಾರವಿದೆ. ಇದನ್ನು ಒಪ್ಪಿಕೊಂಡೇ ನಾವು ಮಾತನಾಡಬೇಕು.

ಆದರೆ ಸೈಕಲ್ಲಿನಲ್ಲಿ ಬರುವವರು ಯಾರು ಎಂದು ನೋಡಿರಿ. 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ಲು ಇತ್ತು. ಸ್ಕೂಟರು, ಬೈಕು ಇದ್ದದ್ದು 21 ಮನೆಗಳಲ್ಲಿ. ಕಾರು ಇದ್ದದ್ದು ಐದಕ್ಕೂ ಕಡಿಮೆ ಮನೆಗಳಲ್ಲಿ. 2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ನೂರಕ್ಕೆ 50 ಮನೆಗಳಲ್ಲಿ ಸೈಕಲ್ಲು ಇತ್ತು. ಬೋರ್ಡಿನಲ್ಲಿ ಬಡವರು ಬರಬಾರದು ಎಂದು ಬರೆದಿಲ್ಲ. ಬಡವರು ಏರಿ ಬರುವ ಗಾಡಿ ಬರಬಾರದು ಎಂದು ಬರೆದಿದೆ. ಬೀಗ ಒಂದೇ, ಬೀಗದ ಕೈ ಬೇರೆ.

ಹೆಣ್ಣುಮಕ್ಕಳಿಗೆ ಸೈಕಲ್ಲು ಏನು ಎಂಬುದನ್ನು ನಮ್ಮ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆ ತೋರಿಸಿಕೊಟ್ಟಿದೆ. 1991ರ ಹೊತ್ತಿಗೆ ಅಲ್ಲಿ ಅರಿವೊಳಿ ಇಯಕ್ಕಂ ಎಂಬ ಅಕ್ಷರ ಚಳವಳಿ ನಡೆಯುತ್ತಿತ್ತು. ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಬೇಕೆಂದರು. ಕೂಲಿ ಹೆಂಗಸರು, ಕಲ್ಲು ಕ್ವಾರಿಯ ಹೆಂಗಸರು, ಅಂಗನವಾಡಿಯವರು ಸಾವಿರಗಟ್ಟಲೆ ಕಲಿತರು. ಊರಿನ ಗಂಡಸರು ಚುಚ್ಚಿ ಮಾತನಾಡಿದರು, ಹೆಂಗಸರು ಪೆಡಲು ನಿಲ್ಲಿಸಲಿಲ್ಲ. 1992ರ ಮಹಿಳಾ ದಿನದಂದು 1,500ಕ್ಕೂ ಹೆಚ್ಚು ಹೆಂಗಸರು ಸೈಕಲ್ಲೇರಿ ಪುದುಕ್ಕೋಟೆ ಪಟ್ಟಣಕ್ಕೆ ಬಂದರು. ಬಸ್ಸಿಗೆ ಕಾಯಬೇಕಿಲ್ಲ, ಅಣ್ಣನನ್ನೋ ಗಂಡನನ್ನೋ ಬೇಡಬೇಕಿಲ್ಲ, ನೀರು ತರಲು, ಸಂತೆಗೆ ಹೋಗಲು ತಮ್ಮ ಕಾಲೇ ಸಾಕು ಎಂಬುದು ಅವರಿಗೆ ಸಿಕ್ಕಿದ ಬಿಡುಗಡೆ. ಆ ಹೆಂಗಸರ ಮಕ್ಕಳ ವಯಸ್ಸಿನವಳೇ ನಮ್ಮ ಹುಡುಗಿ. ಸರಕಾರ ಸೈಕಲ್ಲು ಕೊಟ್ಟು ಮುಂದೆ ಹೋಗು ಎನ್ನುತ್ತದೆ, ಗೇಟು ಹಿಂದೆ ಹೋಗು ಎನ್ನುತ್ತದೆ.

ಬೇರೆ ದೇಶದವರು ಇದನ್ನು ಹೇಗೆ ಬಗೆಹರಿಸಿಕೊಂಡರು? ಜಪಾನಿನಲ್ಲಿ ರೈಲು ನಿಲ್ದಾಣ, ಅಂಗಡಿಗಳ ಮುಂದೆ ಸೈಕಲ್ಲುಗಳು ರಾಶಿರಾಶಿಯಾಗಿ ಬಿದ್ದು ಜನ ನಡೆಯಲಾಗದ ಸ್ಥಿತಿ ಬಂತು. 1980ರಲ್ಲಿ ಅವರು ಒಂದು ಕಾನೂನು ಮಾಡಿದರು. ಎಲ್ಲೆಂದರಲ್ಲಿ ಬಿಟ್ಟುಹೋದ ಸೈಕಲ್ಲನ್ನು ಎತ್ತಿಕೊಂಡು ಹೋಗಬಹುದು. ಹಾಗೆಯೇ ದೊಡ್ಡ ಅಂಗಡಿಗಳು, ಬ್ಯಾಂಕುಗಳು, ವಿನೋದದ ಸ್ಥಳಗಳು ತಮ್ಮಲ್ಲಿಗೆ ಬರುವವರ ಸೈಕಲ್ಲಿಗೆ ಜಾಗ ಮಾಡಿಕೊಡಬೇಕು. ಊರಿನ ಆಡಳಿತವು ಅದನ್ನು ಕಡ್ಡಾಯ ಮಾಡಬಹುದು. ಅಲ್ಲಿಯೂ ಒಂದು ಕೈಯಿಂದ ಕಟ್ಟಳೆ, ಇನ್ನೊಂದು ಕೈಯಿಂದ ಹಕ್ಕು. ಹಾಲೆಂಡಿನ ಉತ್ರೆಕ್ಟ್ ಪಟ್ಟಣದ ರೈಲು ನಿಲ್ದಾಣದ ಕೆಳಗೆ 2019ರಲ್ಲಿ 12,500 ಸೈಕಲ್ಲುಗಳು ನಿಲ್ಲುವ ಸ್ಟ್ಯಾಂಡು ಪೂರ್ಣವಾಯಿತು. ಅದು ಬಡ ದೇಶವಲ್ಲ. ಅಲ್ಲಿ ಸೈಕಲ್ಲು ಯಾರಿಗೂ ನಾಚಿಕೆಯ ವಸ್ತುವಲ್ಲ.

ತೋಟಗಳ ಚರಿತ್ರೆ ನಮಗೆ ಹೇಳುವುದೂ ಇದನ್ನೇ. ಕೂಸುಮನೆ, ಕ್ಯಾಂಟೀನು, ಆಸ್ಪತ್ರೆ ಇವು ಕಂಪೆನಿಯ ಕರುಣೆಯಿಂದ ಬಂದವಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ಮಾಡತಕ್ಕದ್ದು ಎಂದ ಮೇಲೆ ಬಂದವು. ಸಂಘ ಬೆನ್ನುಹತ್ತಿದ ತೋಟಗಳಲ್ಲಿ ಮೊದಲು ಬಂದವು.

ಇಷ್ಟು ತಿಳಿದುಕೊಂಡು ನಾವು ಎರಡನೆಯ ಸಲ ಆ ಶಾಪಿಂಗ್ ಸೆಂಟರಿಗೆ ಹೋದೆವು. ಈ ಸಲ ಕಾಗದದಲ್ಲಿ ಸಿಟ್ಟು ಇರಲಿಲ್ಲ, ಲೆಕ್ಕವಿತ್ತು. ಐದು ಮಂದಿ ಹೋದೆವು. ಇಬ್ಬರು ಹೊಲಿಗೆ ಕಾರ್ಖಾನೆಯ ಹೆಣ್ಣುಮಕ್ಕಳು, ಒಬ್ಬ ಪೇಪರ್ ಹಾಕುವ ಹುಡುಗ, ಅದೇ ಕಟ್ಟಡದಲ್ಲಿ ಕಸ ಗುಡಿಸುವ ಒಬ್ಬ ತಾಯಿ, ಮತ್ತು ನಾವು. ಮ್ಯಾನೇಜರನ್ನು ಕಂಡು ಹೀಗೆ ಹೇಳಿದೆವು. "ಒಳಗೆ ತುಳಿಯಬಾರದು, ಒಪ್ಪಿದೆವು. ಕಟ್ಟಡದೊಳಗೆ ತರಬಾರದು, ಅದನ್ನೂ ಒಪ್ಪಿದೆವು. ಆದರೆ ಒಂದು ಕಾರು ನಿಲ್ಲುವಷ್ಟು ಜಾಗದಲ್ಲಿ ಹತ್ತು ಸೈಕಲ್ಲು ನಿಲ್ಲುತ್ತವೆ. ಎರಡು ಕಾರಿನ ಜಾಗ ಕೊಡಿರಿ, ಬೀಗ ಹಾಕಲು ಒಂದು ಕಬ್ಬಿಣದ ಅಡ್ಡಗಂಬಿ ಹಾಕಿಸಿರಿ. ನಿಮ್ಮ ಅಂಗಡಿಗಳಲ್ಲಿ ಕೆಲಸ ಮಾಡುವವರೇ ಸೈಕಲ್ಲಿನಲ್ಲಿ ಬರುತ್ತಾರೆ. ಇಪ್ಪತ್ತು ಸೈಕಲ್ಲು ಎಂದರೆ ಇಪ್ಪತ್ತು ಗಿರಾಕಿಗಳು ಎಂದು ಲೆಕ್ಕ ಹಾಕಿರಿ."

ಅವರು ಮೊದಲು, "ಮುಂದುಗಡೆ ಸೈಕಲ್ಲು ನಿಂತರೆ ಕಟ್ಟಡದ ಅಂದ ಕೆಡುತ್ತದೆ" ಎಂದರು. ಗುಡಿಸುವ ತಾಯಿ, "ಸ್ವಾಮಿ, ಅಂದ ಇಡೋದು ನಾನು. ನನ್ನ ಸೈಕಲ್ಲು ಹೊರಗೆ ನಿಂತೈತೆ" ಎಂದರು. ಆ ಮಾತಿಗೆ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಕೆಟ್ಟ ಮನುಷ್ಯರೇನಲ್ಲ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರು. ಆರು ವಾರ ಕಳೆಯಿತು, ಮೂರು ಸಲ ಹೋಗಿ ಬಂದೆವು. ಕೊನೆಗೆ ಕಟ್ಟಡದ ಹಿಂದೆ, ಸಾಮಾನು ಇಳಿಸುವ ಬಾಗಿಲ ಪಕ್ಕದಲ್ಲಿ ಒಂದು ಅಡ್ಡಗಂಬಿ ಹಾಕಿಸಿದರು. ಹದಿನೈದು ಸೈಕಲ್ಲು ನಿಲ್ಲುತ್ತವೆ. ಮೇಲೆ ಸೂರಿಲ್ಲ, ಚೀಟಿಯೂ ಇಲ್ಲ. ಆದರೆ ಕಾಂಪೌಂಡಿನ ಒಳಗಿದೆ, ಕಾವಲುಗಾರರ ಕಣ್ಣಿಗೆ ಕಾಣುತ್ತದೆ. ಬೋರ್ಡಿನ ಮೂರನೆಯ ಸಾಲನ್ನು ಅಳಿಸಿ "ಸೈಕಲ್ಲುಗಳಿಗೆ ಹಿಂದಿನ ಗೇಟು" ಎಂದು ಬರೆಸಿದ್ದಾರೆ.

ಇದು ಪೂರ್ತಿ ಗೆಲುವಲ್ಲ. ಹಿಂದಿನ ಗೇಟು ಹಿಂದಿನ ಗೇಟೇ. ಹುಡುಗಿಯ ಸೈಕಲ್ಲು ಸಿಕ್ಕಲಿಲ್ಲ. ಕೂಟದ ವತಿಯಿಂದ ಹಳೆಯ ಸೈಕಲ್ಲೊಂದನ್ನು ಕೊಡಿಸಿದೆವು. ಆ ಕಾವಲುಗಾರ ತಮ್ಮನಿಗೆ ಅದೇ ಗೇಟಿನ ಕೆಲಸ ತಿರುಗಿ ಕೊಡಿಸಲು ನಮ್ಮಿಂದ ಆಗಲಿಲ್ಲ. ಅವರೀಗ ಬೇರೊಂದು ಕಡೆ ರಾತ್ರಿ ಪಾಳಿಯಲ್ಲಿದ್ದಾರೆ. ಈ ಸಾಲ ನಮ್ಮ ತಲೆಯ ಮೇಲೆ ಇನ್ನೂ ಇದೆ.

ಊರಿಗೆ ಇಳಿದಿರುವ ನಿಮ್ಮ ಮಕ್ಕಳಿಗೆ ಫೋನಿನಲ್ಲಿ ಈ ಕೆಲವು ಮಾತುಗಳನ್ನು ತಿಳಿಸಿರಿ.

ಸೈಕಲ್ಲಿನ ಚೌಕಟ್ಟಿನ ಮೇಲೆ ಅಚ್ಚೊತ್ತಿದ ನಂಬರು ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಲಿ, ಸೈಕಲ್ಲಿನ ಜೊತೆ ನಿಂತು ಒಂದು ಫೋಟೋ ತೆಗೆದಿಟ್ಟುಕೊಳ್ಳಲಿ. ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ ಸೈಕಲ್ಲನ್ನು ಎತ್ತಿಕೊಂಡು ಹೋಗುತ್ತಾರೆ. ಚೌಕಟ್ಟನ್ನೂ ಸೇರಿಸಿ ಕಂಬಕ್ಕೆ ಸರಪಳಿ ಹಾಕಬೇಕು.

ಕಳುವಾದರೆ ಸೈಕಲ್ಲು ತಾನೇ ಎಂದು ಬಿಡಬಾರದು. ಠಾಣೆಯಲ್ಲಿ ದೂರು ಕೊಡಬೇಕು, ಎಫ್.ಐ.ಆರ್. ಪ್ರತಿಯನ್ನು ಕೇಳಿ ಪಡೆಯಬೇಕು. ಅದನ್ನು ಪುಕ್ಕಟೆ ಕೊಡಬೇಕೆಂದು ಕಾನೂನಿದೆ.

ಗೇಟಿನಲ್ಲಿ ತಡೆದರೆ ಕಾವಲುಗಾರರ ಜೊತೆ ಜಗಳ ಬೇಡ. "ಅಣ್ಣಾ, ಈ ನಿಯಮ ಮಾಡಿದವರು ಯಾರು, ಅವರ ಆಫೀಸು ಎಲ್ಲಿ?" ಎಂದು ಕೇಳಲಿ. ಕಾಗದ ಬರೆಯುವಾಗ ನಿಯಮದ ಮೇಲೆ ಬರೆಯಬೇಕು, ಆಳಿನ ಮೇಲೆ ಬರೆಯಬಾರದು. ಒಬ್ಬರೇ ಹೋಗಬಾರದು, ನಾಲ್ಕಾರು ಮಂದಿ ಸೇರಿ ಹೋಗಬೇಕು. ಬೇಡ ಎನ್ನುವುದರ ಜೊತೆಗೆ ಏನು ಬೇಕು, ಎಷ್ಟು ಜಾಗ ಬೇಕು ಎಂಬುದನ್ನೂ ಹೇಳಬೇಕು.

ಕೊನೆಯದಾಗಿ ನಮ್ಮ ಮನೆಯ ಮಾತು. ಕಳೆದ ಸುಗ್ಗಿ ಹಬ್ಬದ ದಿನ ನಮ್ಮ ಸಭಾಮಂದಿರದ ಅಂಗಳದಲ್ಲಿ ಏನಾಯಿತು ಎಂಬುದು ನಿಮಗೆ ನೆನಪಿದೆಯೇ? ಅತಿಥಿಗಳ ಕಾರುಗಳು ಬರುತ್ತವೆಂದು ನಮ್ಮ ಸ್ವಯಂಸೇವಕರೇ ಹುಡುಗರ ಸೈಕಲ್ಲುಗಳನ್ನು ಎತ್ತಿ ಬೇಲಿಯ ಆಚೆ ಇಟ್ಟರು. ಮಳೆ ಬಂತು, ನೆನೆದವು. ಯಾರೂ ಬೋರ್ಡು ಹಾಕಿರಲಿಲ್ಲ, ಹಾಕುವ ಅಗತ್ಯವೂ ಬೀಳಲಿಲ್ಲ. ಬಂಗಾರದ ಉಂಗುರದವನಿಗೆ ಒಳ್ಳೆಯ ಆಸನ, ಹರುಕು ಬಟ್ಟೆಯವನಿಗೆ ನಿಲ್ಲುವ ಜಾಗ ಕೊಟ್ಟ ಸಭೆಯ ಕುರಿತು ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಓದುತ್ತೇವೆ. ಓದುವಾಗ ಅದು ಬೇರೆ ಯಾರದೋ ಸಭೆ ಎಂದುಕೊಳ್ಳುತ್ತೇವೆ. ಅಂದು ಬೇಲಿಯ ಆಚೆ ನೆನೆದ ಸೈಕಲ್ಲುಗಳನ್ನು ಕಂಡಾಗ ಅದು ನಮ್ಮ ಸಭೆಯೇ ಎಂದು ತಿಳಿಯಿತು.

ಆದಕಾರಣ ಒಂದು ಅರಿಕೆ. ಮುಂದಿನ ಶನಿವಾರ ಮಧ್ಯಾಹ್ನ ಮಸ್ಟರು ಮುಗಿದ ಮೇಲೆ ಕೈಬಿಡುವಿರುವವರು ಮಂದಿರದ ಅಂಗಳಕ್ಕೆ ಬನ್ನಿರಿ. ಎರಡು ಸಿಲ್ವರ್ ಓಕ್ ಕಂಬಗಳನ್ನೂ ನಾಲ್ಕು ತಗಡುಗಳನ್ನೂ ತಂದಿಟ್ಟಿದ್ದೇವೆ. ಬಾಗಿಲಿಗೆ ಹತ್ತಿರ, ಬೇಲಿಯ ಈಚೆ, ಒಂದು ಸಣ್ಣ ಸೂರು ಎತ್ತೋಣ. ಕ್ರಿಸ್ಮಸ್ಸಿಗೆ ಮಕ್ಕಳು ಊರಿಗೆ ಬಂದಾಗ ಅವರ ಸೈಕಲ್ಲು ಒಣಗಿದ ಜಾಗದಲ್ಲಿ ನಿಲ್ಲಲಿ. ಮೊದಲ ದಿನ ಆ ರಾತ್ರಿ ಪಾಳಿಯ ತಮ್ಮನನ್ನೂ ಕುಟುಂಬ ಸಮೇತ ಕರೆದಿದ್ದೇವೆ. ಬರುತ್ತೇನೆಂದಿದ್ದಾರೆ.